ಮೊದಲ ತಿರುವಿನ ತೀರ್ಪು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಮನುಷ್ಯರನ್ನು ಅಳೆಯೋಕೆ ಒಂದೇ ಒಂದು ತಿರುವು ಸಾಕಿತ್ತು. ಕಲಿಯೋಕೆ ಬಂದವರನ್ನು ಮೊದಲ ದಿನ ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಪಕ್ಕದ ಸೀಟಿನಲ್ಲಿ ಕೂತು, ರಸ್ತೆ ತುದಿಯ ಔಷಧಿ ಅಂಗಡಿವರೆಗೆ ನೇರ ಅವರ ಕೈಲೇ ಓಡಿಸಿ, ಅಲ್ಲಿ ತಿರುಗಿಸೋಕೆ ಹೇಳುತ್ತಿದ್ದರು. ಕಾರು ತಿರುಗಿ ನೆಟ್ಟಗಾಗುವಷ್ಟರಲ್ಲಿ ತೀರ್ಪು ತಯಾರು. ಒಂದೋ "ನೀವು ಪಾಸು", ಇಲ್ಲವೇ "ನಿಮ್ಮ ಕೈಲಿ ಆಗಲ್ಲ ಬಿಡಿ". ಪಾಸು ಅಂದವರು ಲೈಸೆನ್ಸ್ ತಗೊಂಡು ನಗುತ್ತಾ ಹೋದರು. ಆಗಲ್ಲ ಅಂದವರು ಟೆಸ್ಟಿನಲ್ಲಿ ಬಿದ್ದು ಮುಖ ಸಣ್ಣದು ಮಾಡಿಕೊಂಡು ಬಂದರು, ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಇಷ್ಟು ವರ್ಷದಲ್ಲಿ ಮೇಷ್ಟ್ರ ತೀರ್ಪು ಒಂದೂ ಸುಳ್ಳಾಗಿರಲಿಲ್ಲ ಅನ್ನೋದು ಬೀದಿಗೆಲ್ಲ ಗೊತ್ತಿದ್ದ ವಿಷಯ.

ಜನ ಅಂದರೆ ಕೇಳಬೇಕೆ? ಕಾರು ಕಲಿಯುವ ಗೊಡವೆಯೇ ಇಲ್ಲದವರೂ ಬರತೊಡಗಿದರು. "ಮೇಷ್ಟ್ರೇ, ನಮ್ಮ ಹುಡುಗಿಯನ್ನ ಒಂದು ರೌಂಡು ಕರ್ಕೊಂಡು ಹೋಗಿ ಬನ್ನಿ, ಹೊಸ ಕೆಲಸದಲ್ಲಿ ನಿಲ್ತಾಳಾ ಇಲ್ವಾ ಹೇಳಿ" ಅನ್ನುವ ಮಟ್ಟಕ್ಕೆ ಹೋಯಿತು. ಮೇಷ್ಟ್ರು ಬೇಡ ಅನ್ನಲಿಲ್ಲ. ಹೊಗಳಿಕೆ ಯಾರಿಗೆ ತಾನೇ ಬೇಡ.

ಎಲ್ಲ ಸ್ಕೂಲ್ ಕಾರುಗಳ ಹಾಗೆ ಆ ಕಾರಿನಲ್ಲೂ ಕಲಿಸುವವರ ಕಾಲ ಕೆಳಗೆ ಇನ್ನೊಂದು ಬ್ರೇಕು ಇತ್ತು. ಮೇಷ್ಟ್ರ ಬಲಗಾಲು ಅದರ ಮೇಲಿಂದ ಕದಲಿದ್ದೇ ಇಲ್ಲ. ಎದುರು ಬೀದಿಯಲ್ಲಿ ಇನ್ನೊಂದು ಸ್ಕೂಲಿತ್ತು. ಅಲ್ಲಿ ಕಲಿಸುವವನು ಕಾಲು ಮಡಚಿಕೊಂಡು, ಕಿಟಕಿಯಾಚೆ ನೋಡಿಕೊಂಡು ಸಿಳ್ಳೆ ಹಾಕುತ್ತಾ ಕೂರುತ್ತಿದ್ದ; ಹಾಗಾಗಿ ಅವನಿಗೆ ಸಿಳ್ಳೆ ಅಂತಲೇ ಹೆಸರು. ಸಿಳ್ಳೆಯ ಕಾರಿನ ಮೈಮೇಲೆ ತಗ್ಗು ಬೀಳದ ಜಾಗ ಇರಲಿಲ್ಲ. ಮೇಷ್ಟ್ರ ಕಾರಿಗೆ ಒಂದು ಗೀರೂ ಇಲ್ಲ. "ಈ ಕಾಲಿನಿಂದ ಎಷ್ಟು ಜನ ಬದುಕಿದ್ದಾರೆ ಗೊತ್ತಾ?" ಅಂತ ಮೇಷ್ಟ್ರು ತೊಡೆ ತಟ್ಟಿಕೊಳ್ಳುವರು.

ಮೇಷ್ಟ್ರ ಹೆಂಡತಿಗೆ ಎಲ್ಲರೂ ಆಫೀಸಮ್ಮ ಅನ್ನೋದು. ಸ್ಕೂಲಿನ ಮುಂಗೋಣೆಯಲ್ಲಿ ಕೂತು ಫೋನು, ಸಮಯ, ಬಂದವರಿಗೆ ಸಮಾಧಾನ, ಬರದವರಿಗೆ ಬೈಗುಳ, ಎಲ್ಲ ಆಕೆಯದೇ. ಮದುವೆಯಾದ ಹೊಸದರಲ್ಲಿ ತಾನೂ ಕಾರು ಕಲೀತೀನಿ ಅಂತ ಆಸೆಪಟ್ಟು ಸ್ಟಿಯರಿಂಗ್ ಹಿಡಿದಿದ್ದಳು. ಔಷಧಿ ಅಂಗಡಿ ಹತ್ತಿರ ಗಂಡ ಹೇಳಿದರು, "ನಿನ್ನ ಕೈಲಿ ಆಗಲ್ಲ ಬಿಡು." ಆಫೀಸಮ್ಮ ಕಾರಿನಿಂದ ಇಳಿದು, ನಡೆದುಕೊಂಡೇ ವಾಪಸ್ ಬಂದು, ಮುಂಗೋಣೆಯ ಕುರ್ಚಿಯಲ್ಲಿ ಕೂತಳು. ಮತ್ತೆ ಆ ಮಾತು ಎತ್ತಲಿಲ್ಲ. ಮರೆತಿದ್ದಾಳೆ ಅಂತ ಮೇಷ್ಟ್ರು ತಿಳಿದಿದ್ದರು. ಹೆಂಡತಿ ಏನೇನು ಮರೆತಿದ್ದಾಳೆ ಅನ್ನೋ ವಿಷಯದಲ್ಲಿ ಗಂಡಸರ ನಂಬಿಕೆ ಬಲು ದೊಡ್ಡದು.

ಇಂಥ ಮೇಷ್ಟ್ರಿಗೆ ಐವತ್ಮೂರನೇ ವಯಸ್ಸಿಗೆ ಒಂದು ಜ್ವರ ಬಂತು. ಬಂದದ್ದು ಹೋಗಲೇ ಇಲ್ಲ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ತೊಡೆಯ ಮೇಲೆ ನೀಲಿ ಕಲೆಗಳು. ಬ್ರೇಕು ಒತ್ತಿ ಒತ್ತಿ ಆಗಿರಬೇಕು ಅಂತ ಮೇಷ್ಟ್ರು ತಳ್ಳಿಹಾಕಿದರು. ಎಡ ತೋಳಿನ ಮೇಲೂ ಕಲೆ ಕಂಡಾಗ ಆಫೀಸಮ್ಮ, "ಕೈಯಲ್ಲೂ ಬ್ರೇಕ್ ಒತ್ತಿದ್ರಾ?" ಅಂತ ಕೇಳಿ, ರಕ್ತ ಪರೀಕ್ಷೆಗೆ ಎಳಕೊಂಡು ಹೋದಳು. ಸಂಜೆಯೊಳಗೆ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಎರಡು ದಿನದಲ್ಲಿ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದು ನೋಡಿದ್ದೂ ಆಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಮಾತ್ರ ತೂಕದ್ದು. "ರಕ್ತದ ಕ್ಯಾನ್ಸರು. ನಿಧಾನದ್ದಲ್ಲ, ಅವಸರದ ಜಾತಿ. ಮಜ್ಜೆಯಲ್ಲಿ ಬಲಿಯದ ಕಣಗಳು ತುಂಬಿಕೊಂಡು ಒಳ್ಳೆಯವಕ್ಕೆ ಜಾಗ ಬಿಡ್ತಿಲ್ಲ. ಔಷಧಿ ನಾಳೆಯಿಂದಲೇ ಶುರು ಮಾಡಬೇಕು."

"ಉಳೀತೀನಾ?" ಅಂದರು ಮೇಷ್ಟ್ರು. ಸುತ್ತುಬಳಸು ಅವರಿಗೆ ಬರದು.

"ನಿಮ್ಮ ವಯಸ್ಸಿನವರು, ಇದೇ ಥರದ ರೋಗ ಇರೋರು ನೂರು ಜನ ಅಂತ ಇಟ್ಕೊಳ್ಳಿ. ಚಿಕಿತ್ಸೆ ಪೂರ್ತಿ ಮಾಡಿಸ್ಕೊಂಡ್ರೆ ಐದು ವರ್ಷ ಆದ ಮೇಲೂ ಹತ್ತಿರ ಹತ್ತಿರ ನಲವತ್ತು ಜನ ಬದುಕಿರ್ತಾರೆ."

"ನಾನು ಆ ನಲವತ್ತರಲ್ಲೋ, ಉಳಿದ ಅರವತ್ತರಲ್ಲೋ?"

"ಅದನ್ನ ನಾನು ಹೇಳೋಕಾಗಲ್ಲ."

"ಅಲ್ಲ ಡಾಕ್ಟರೇ, ಇಷ್ಟು ಜನರನ್ನ ನೋಡಿದ್ದೀರಿ. ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಮುಖ ನೋಡಿದ್ರೆ ಗೊತ್ತಾಗೋದಾಗಿದ್ರೆ ನಿಮ್ಮ ಮೂಳೆಗೆ ಯಾಕೆ ಸೂಜಿ ಚುಚ್ಚುತ್ತಿದ್ದೆ?" ಅಂದರು ಡಾಕ್ಟರಮ್ಮ. ಅಂದವರು ಒಂದು ಕ್ಷಣ ಕಣ್ಣು ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದರು.

ಮುಚ್ಚಳ ಹಾಕಬೇಕಾದರೆ ಯಾರಾದರೂ ಕಣ್ಣು ತಗ್ಗಿಸಲೇಬೇಕು. ಆದರೆ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಅವರ ಪಾಲಿಗೆ ಔಷಧಿ ಅಂಗಡಿಯ ತಿರುವು ಅದೇ. ಹೊರಗೆ ಬೆಂಚಿನ ಮೇಲೆ ಕೂತು ಹೆಂಡತಿಗೆ ಹೇಳಿದರು, "ನಂದು ಫೇಲು ಕಣೇ."

ಆಫೀಸಮ್ಮನ ಬಾಯಲ್ಲಿ ಬಂದದ್ದು, "ಶಾಲೆಯಲ್ಲಿ ಮೂವತ್ತೈದಕ್ಕೇ ಪಾಸು ಮಾಡ್ತಾರೆ. ನಲವತ್ತಕ್ಕೆ ಫೇಲು ಅನ್ನೋ ಮೇಷ್ಟ್ರನ್ನ ಇವತ್ತೇ ನೋಡಿದ್ದು."

ಸುದ್ದಿ ನೆಂಟರ ಕಡೆ ಹೋಗುವಾಗ ದಾರಿಯಲ್ಲಿ ವೇಷ ಬದಲಿಸಿತು. ಸಂಜೆಗೆ ಭಾವಮೈದನ ಫೋನು ಬಂತು. "ಭಾವ, ಡಾಕ್ಟರು ಐದು ವರ್ಷ ಕೊಟ್ಟಿದ್ದಾರಂತೆ! ಒಳ್ಳೇದಾಯ್ತು ಬಿಡಿ. ಐದು ವರ್ಷ ಅಂದ್ರೆ ಕಮ್ಮಿಯಾ? ಅಷ್ಟು ಗ್ಯಾರಂಟಿ ನನಗೂ ಯಾರೂ ಕೊಟ್ಟಿಲ್ಲ." ಕಾರಿನ ಟೈರಿನ ಬಗ್ಗೆ ಮಾತಾಡಿದ ಹಾಗೆ ಮಾತಾಡಿ ಇಟ್ಟ. ಮೇಷ್ಟ್ರು ತಿದ್ದುವ ಗೋಜಿಗೆ ಹೋಗಲಿಲ್ಲ.

ಮರುದಿನ ಮೇಷ್ಟ್ರು ಸೇರಿದ ವಾರ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಾಜಿನ ಬಾಗಿಲಿನ ಕೋಣೆ. ಬೆಳಿಗ್ಗೆ ಹೊತ್ತು, ಮೈಯಲ್ಲಿ ಕಸುವಿದ್ದವರು ಮಾಸ್ಕು ಕಟ್ಟಿಕೊಂಡು, ಡ್ರಿಪ್ಪಿನ ಕಂಬ ತಳ್ಳಿಕೊಂಡು, ಉದ್ದನೆಯ ಪಡಸಾಲೆಯಲ್ಲಿ ಒಂದು ಸುತ್ತು ಹಾಕಬಹುದಿತ್ತು. ಪಡಸಾಲೆಯ ಕೊನೆಗೆ ಒಂದು ತಿರುವು. ಹೇಳಬೇಕೆ? ಮೇಷ್ಟ್ರು ಆ ತಿರುವಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಯಾರು ಕಂಬ ಹೇಗೆ ತಿರುಗಿಸುತ್ತಾರೆ ಅಂತ ನೋಡೋದೇ ಕೆಲಸ.

ಅವರ ಖ್ಯಾತಿ ಅವರಿಗಿಂತ ಮುಂಚೆ ವಾರ್ಡು ಸೇರಿತ್ತು, ಯಾಕೆಂದರೆ ನರ್ಸುಗಳಲ್ಲಿ ಒಬ್ಬಾಕೆಗೆ ಕಾರು ಕಲಿಸಿದ್ದು ಅವರೇ. ಮೂರನೇ ದಿನಕ್ಕೆ ಪಕ್ಕದ ಕೋಣೆಯ ಈಜಿನ ಕೋಚ್ ಬಂದು ಎದುರು ನಿಂತ. ಮೂವತ್ತು ವರ್ಷದ ಹುಡುಗ, ಕದದಗಲದ ಎದೆ, ರೋಗ ಮಾತ್ರ ಇವರದ್ದೇ. ಬೆನ್ನ ಹಿಂದೆ ಫ್ಲಾಸ್ಕು ಹಿಡಿದ ಹೆಂಡತಿ.

"ಮೇಷ್ಟ್ರೇ, ನಂದು ಏನು ಹೇಳಿಬಿಡಿ. ಡಾಕ್ಟರು ಬರೀ ಲೆಕ್ಕ ಹೇಳ್ತಾರೆ," ಅಂದ ಕೋಚ್.

ಮೇಷ್ಟ್ರು ಅವನನ್ನು ಒಮ್ಮೆ ತಿರುವು ದಾಟಿಸಿ ನೋಡಿದರು. "ಪಾಸು. ಅನುಮಾನವೇ ಬೇಡ."

ಕೋಚ್ ನಕ್ಕ. ಅವನ ಹೆಂಡತಿ ಮಾತ್ರ ಗೋಡೆ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲಿಂದ ಆ ಹುಡುಗನ ಚಹರೆಯೇ ಬೇರೆ. ತಟ್ಟೆಯಲ್ಲಿದ್ದದ್ದನ್ನು ಖಾಲಿ ಮಾಡುವನು, ಮಗಳಿಗೆ ನೀರಲ್ಲಿ ತೇಲೋದನ್ನ ಹೇಗೆ ಕಲಿಸ್ತೀನಿ ಅಂತ ಎಲ್ಲರಿಗೂ ಕೈಯಾಡಿಸಿ ತೋರಿಸುವನು, ಹೊಡೆದು ಮಲಗಿಸಿದ ಹಾಗೆ ನಿದ್ದೆ ಮಾಡುವನು.

ಮೂಲೆ ಕೋಣೆಯಲ್ಲಿ ಗುಂಡಿ ಅಜ್ಜಿ ಇದ್ದಳು. ಒಂದು ಕಾಲಕ್ಕೆ ಅಂಗಿ ಗುಂಡಿ ಮಾರುವ ಅಂಗಡಿ ಇಟ್ಟಿದ್ದ ಮುದುಕಿ. ವಯಸ್ಸು ಎಪ್ಪತ್ತರ ಮೇಲೆ, ಜೋರಿನ ಔಷಧಿ ತಡೆಯಲ್ಲ ಅಂತ ಆಕೆಗೆ ಹಗುರಾದ್ದು ಕೊಡುತ್ತಿದ್ದರು. ಅಜ್ಜಿ ಮೇಷ್ಟ್ರನ್ನು ಏನೂ ಕೇಳಲಿಲ್ಲ. ಆದರೂ ಆಕೆ ಕಂಬವನ್ನು ಗೋಡೆಗೆ ತಾಗಿಸಿ ತಿರುಗಿಸಿದ್ದು ನೋಡಿ ಮೇಷ್ಟ್ರು ನರ್ಸಿನ ಕಡೆ ತಲೆ ಅಲ್ಲಾಡಿಸಿದರು.

"ಏನಪ್ಪಾ ತಲೆ ಅಲ್ಲಾಡಿಸ್ತೀಯ? ನೊಣ ಕೂತಿದ್ಯಾ?" ಅಂದಳು ಅಜ್ಜಿ. "ನೋಡೋಕೆ ಬೇರೆ ಏನೂ ಇಲ್ದಿದ್ರೆ ಕಿಟಕಿ ನೋಡು."

ಔಷಧಿ ಏರಿದ ಮೇಲೆ ಎರಡನೇ ವಾರದಿಂದ ಮೇಷ್ಟ್ರಿಗೆ ಕುರ್ಚಿ ತಪ್ಪಿತು. ಬಾಯಿತುಂಬ ಹುಣ್ಣು, ನೀರು ನುಂಗಿದರೂ ಗಾಜು ನುಂಗಿದ ಹಾಗೆ. ದಿಂಬಿನ ಮೇಲೆ ಕೂದಲು. ಜ್ವರ ಏರಿದಾಗ ತಾವು ಎಲ್ಲಿದ್ದೀವಿ ಅನ್ನೋದೂ ತಿಳಿಯದೆ, ಹಾಸಿಗೆಯ ಕಾಲ್ದೆಸೆಯ ಪಟ್ಟಿಯನ್ನು ಬಲಗಾಲಿನಿಂದ ಒತ್ತುತ್ತಾ ಮಲಗಿದರು. "ಇವರಿಗೆ ಕಾಲು ಸೆಳೆತ ಏನಾದ್ರೂ ಇದ್ಯಾ?" ಅಂತ ನರ್ಸು ಕೇಳಿದರೆ ಆಫೀಸಮ್ಮ, "ಇಲ್ಲಮ್ಮ, ಲೋಕ ನಿಲ್ಲಿಸ್ತಿದ್ದಾರೆ" ಅಂದಳು. ಅಂದು ಹೊರಗೆ ಹೋಗಿ ಮನಸಾರೆ ಅತ್ತು ಬಂದಳು.

ಒಂದೂವರೆ ತಿಂಗಳಾಯಿತು ಅಲ್ಲಿಂದ ಏಳೋಕೆ. ಆದರೆ ಎದ್ದರು. ಮಜ್ಜೆ ಮತ್ತೆ ತೆಗೆದು ನೋಡಿದರೆ ರೋಗ ಕಣ್ಣಿಗೆ ಕಾಣುತ್ತಿಲ್ಲ. ಡಾಕ್ಟರಮ್ಮ ಮೊದಲ ಸಲ ಹಲ್ಲು ತೋರಿಸಿ ನಕ್ಕರು. "ಕಾಣ್ತಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ. ಇಲ್ಲಿಗೇ ಬಿಟ್ರೆ ಕೆಲವೇ ತಿಂಗಳಲ್ಲಿ ಮತ್ತೆ ಬರೋದು ಹೆಚ್ಚುಕಮ್ಮಿ ಖಂಡಿತ. ಇನ್ನೂ ಮೂರು ಸುತ್ತು ಔಷಧಿ ಬೇಕು. ಮನೆಗೆ ಹೋಗಿ ಸುಧಾರಿಸ್ಕೊಂಡು ಬನ್ನಿ. ಈಗ ನಿಮ್ಮ ಲೆಕ್ಕ ಮೊದಲಿಗಿಂತ ಚೆನ್ನಾಗಿದೆ, ನೂರಕ್ಕೆ ಐವತ್ತರ ಹತ್ತಿರ."

ಐವತ್ತು ಅಂದರೆ ಗೆದ್ದಷ್ಟೇ ಸೋತದ್ದೂ ಹೌದು. ಮೇಷ್ಟ್ರು ಸೋತದ್ದನ್ನೇ ಆರಿಸಿಕೊಂಡರು.

ಮನೆಗೆ ಹೊರಟ ದಿನ ಆಸ್ಪತ್ರೆ ಬಾಗಿಲಲ್ಲಿ ಅವರದ್ದೇ ಕಾರು ನಿಂತಿತ್ತು. ಕೀಲಿಕೈ ಆಫೀಸಮ್ಮನ ಬೆರಳಲ್ಲಿ.

"ಓಡಿಸೋರು ಎಲ್ಲಿ?" ಅಂದರು ಮೇಷ್ಟ್ರು.

"ಇಲ್ಲೇ ಇದ್ದೀನಲ್ಲ."

"ನೀನಾ? ಎಲ್ಲಿ ಕಲಿತೆ?"

"ಸಿಳ್ಳೆ ಹತ್ರ."

ರೋಗ ಅಂದಾಗಲೂ ಮೇಷ್ಟ್ರ ಮುಖ ಹಾಗೆ ಬಿಳಿಚಿಕೊಂಡಿರಲಿಲ್ಲ. ತಾವು ಸಾಯಲು ಮಲಗಿದ್ದಾಗ ಹೆಂಡತಿ ಹೋಗಿ ಹೋಗಿ ಆ ಸಿಳ್ಳೆಯ ಪಕ್ಕ ಕೂತು ಕಾರು ಕಲಿತಳಲ್ಲ! ಆದರೆ ನಿಂತು ಜಗಳವಾಡುವಷ್ಟು ಶಕ್ತಿ ಕಾಲಲ್ಲಿ ಇರಲಿಲ್ಲ. ಪಕ್ಕದ ಸೀಟಿಗೆ ಹತ್ತಿ ಕೂತು, ಅಭ್ಯಾಸಬಲದಿಂದ ಬಲಗಾಲನ್ನು ಬ್ರೇಕಿನ ಮೇಲಿಟ್ಟರು. ದಾರಿಯುದ್ದಕ್ಕೂ ಒತ್ತಿದರು. ಸಿಗ್ನಲ್ಲಿನಲ್ಲಿ ಒತ್ತಿದರು, ಸೈಕಲ್ಲು ಅಡ್ಡ ಬಂದರೆ ಒತ್ತಿದರು, ನಾಯಿ ಆ ಕಡೆ ನೋಡಿದರೂ ಒತ್ತಿದರು. ಕಾರು ಸರಿಯಾದ ಕಡೆಯೆಲ್ಲ ನಿಂತಿತು. ಒಂದೊಂದು ಸಲ ಒತ್ತಿದರೂ ನಿಲ್ಲದೆ ಹೋದರೆ, ಕಾಲಲ್ಲಿ ಕಸುವಿಲ್ಲ, ಔಷಧಿಯಿಂದ ಪಾದ ಜೋಮು ಹಿಡಿದಿದೆ ಅಂತ ತಮ್ಮನ್ನೇ ಬೈದುಕೊಂಡರು. ಮನೆ ಮುಟ್ಟಿದ ಮೇಲೆ ನೋಡಲು ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು. "ಕ್ಯಾನ್ಸರಿನಿಂದ ಪಾರಾಗಿ ಬಂದವನು ಇವಳ ಕೈಯಲ್ಲಿ ಹೋಗ್ತಿದ್ದೆ. ನನ್ನ ಕಾಲೊಂದು ಇತ್ತು, ಬಚಾವಾದ್ವಿ."

ಆಫೀಸಮ್ಮ ಬಂದವರಿಗೆ ಕುಡಿಯೋಕೆ ಕೊಡುತ್ತಾ, "ಹೌದೌದು, ಇವರ ಕಾಲು ದೊಡ್ಡದು" ಅನ್ನುವಳು.

ವಾರಕ್ಕೊಮ್ಮೆ ರಕ್ತ ಪರೀಕ್ಷೆಗೆ ಹೋಗಿ ಬರುವುದು, ದಾರಿಯುದ್ದಕ್ಕೂ ಬ್ರೇಕು ಒತ್ತುವುದು, ಹೀಗೇ ದಿನ ಕಳೆದವು. ಎರಡನೇ ಸುತ್ತಿಗೆ ಸೇರುವ ದಿನ ಬೆಳಿಗ್ಗೆ ಚೀಲ ಕಟ್ಟಿಟ್ಟು ಆಫೀಸಮ್ಮ ಕರೆದರೆ, ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ.

"ನಾನು ಬರಲ್ಲ."

"ಯಾಕೆ, ಜ್ವರ ಇದ್ಯಾ?"

"ಜ್ವರ ಇಲ್ಲ. ಫೇಲಾಗೋ ಕ್ಯಾಂಡಿಡೇಟಿಗೆ ಎಷ್ಟು ಪಾಠ ಹೇಳಿದ್ರೂ ದಂಡ. ಅಷ್ಟು ಹುಣ್ಣು, ಅಷ್ಟು ವಾಂತಿ, ಮತ್ತೆ ಮೂರು ಸಲ ಯಾಕೆ ಬೇಕು? ಇರೋಷ್ಟು ದಿನ ಮನೇಲಿ ಇರ್ತೀನಿ. ನಾನು ಯಾವತ್ತಾದ್ರೂ ತಪ್ಪು ಹೇಳಿದ್ದೀನಾ?"

ಆಫೀಸಮ್ಮನಿಗೆ ಮನುಷ್ಯ ಹಟಮಾರಿ ಅಂತ ಗೊತ್ತಿತ್ತು, ಆದರೆ ಇಷ್ಟು ಅಂತ ಗೊತ್ತಿರಲಿಲ್ಲ. ಅತ್ತು ಕರೆದರೆ ಗೋಡೆಗೆ ಹೇಳಿದ ಹಾಗೆ. ಚೀಲ ಹೆಗಲಿಗೆ ಹಾಕಿಕೊಂಡು, "ಆಯ್ತು, ಬೇಡ. ಆದ್ರೆ ಡಾಕ್ಟರಮ್ಮನಿಗೆ ಅದನ್ನ ನಾನು ಹೇಳಲ್ಲ. ಕಾರು ಹತ್ತಿ, ಬಂದು ನೀವೇ ಬಾಯಿಬಿಟ್ಟು ಹೇಳಿ" ಅಂದಳು.

ಅದು ನ್ಯಾಯದ ಮಾತು ಅನ್ನಿಸಿತು ಮೇಷ್ಟ್ರಿಗೆ. ಹತ್ತಿ ಕೂತರು.

ಅರ್ಧ ದಾರಿಯಲ್ಲಿ, ಸರಕಿನ ಗಾಡಿಯೊಂದು ಗಲ್ಲಿಯಿಂದ ಹಿಂದೆಮುಂದೆ ನೋಡದೆ ಹಿಮ್ಮುಖವಾಗಿ ನುಗ್ಗಿತು. ಮೇಷ್ಟ್ರು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದರು. ಕಾರು ಒಂದು ಗೇಣು ದೂರದಲ್ಲಿ ನಿಂತಿತು.

"ನೋಡಿದ್ಯಾ!" ಮೇಷ್ಟ್ರ ಮುಖ ಎಷ್ಟೋ ದಿನಕ್ಕೆ ಕೆಂಪೇರಿತು. "ನಾನಿಲ್ಲದಿದ್ರೆ ಇಷ್ಟೊತ್ತಿಗೆ ಇಬ್ರೂ ಅದರ ಚಕ್ರದ ಅಡಿ!"

ಆಫೀಸಮ್ಮ ಗಾಡಿ ದಾಟಿ ಹೋಗಲಿ ಅಂತ ಕಾದಳು. ರಸ್ತೆ ಖಾಲಿಯಾದ ಮೇಲೆ ಹೇಳಿದಳು, "ಈಗ ಒತ್ತಿ."

"ಏನು?"

"ಬ್ರೇಕು. ಪೂರ್ತಿ ಒತ್ತಿ. ಬಿಡಬೇಡಿ."

ಮೇಷ್ಟ್ರು ಒತ್ತಿದರು. ಕಾರು ಹೊರಟಿತು. ಇನ್ನೂ ಒತ್ತಿದರು, ಎರಡೂ ಕಾಲು ಸೇರಿಸಿ ಒತ್ತಿದರು. ಕಾರು ಹೂವಿನ ಅಂಗಡಿ ದಾಟಿ, ಬಟ್ಟೆ ಒಗೆಯುವ ಅಂಗಡಿ ದಾಟಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಅಚ್ಚುಕಟ್ಟಾಗಿ ತಿರುಗಿ, ತನ್ನ ಪಾಡಿಗೆ ತಾನು ಸಾಗಿತು. ಮೇಷ್ಟ್ರ ಹಣೆಯ ಮೇಲೆ ಬೆವರು ಮೂಡಿತು.

"ನಿಮ್ಮನ್ನ ಮನೆಗೆ ಕರ್ಕೊಂಡು ಬರೋ ಹಿಂದಿನ ದಿನವೇ ಮೆಕ್ಯಾನಿಕ್ ಹತ್ರ ಬಿಚ್ಚಿಸಿದೆ," ಅಂದಳು ಆಫೀಸಮ್ಮ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಅದು ಯಾವುದಕ್ಕೂ ತಗುಲಿಕೊಂಡಿಲ್ಲ. ನಿಮಗೆ ಅನುಮಾನ ಬರಬಾರದು ಅಂತ ಅಡಿಗೆ ಒಂದು ಸ್ಪ್ರಿಂಗ್ ಕೊಟ್ಟಿದ್ದಾನೆ."

"ಅಂದ್ರೆ ಇಷ್ಟು ದಿನ…"

"ಇಷ್ಟು ದಿನ ನೀವು ನೆಲ ಒತ್ತಿದ್ದೀರಿ. ಓಡಿಸಿದ್ದೂ ನಾನೇ, ನಿಲ್ಲಿಸಿದ್ದೂ ನಾನೇ."

ಮೇಷ್ಟ್ರು ಕಾಲು ತೆಗೆದರು. ತೆಗೆದ ಕಾಲನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಕೊನೆಗೆ ಮಾನ ಉಳಿಸಿಕೊಳ್ಳುವವರ ದನಿಯಲ್ಲಿ, "ಒಂದು ತಿಂಗಳಲ್ಲಿ ಸಿಳ್ಳೆ ಅಷ್ಟು ಚೆನ್ನಾಗಿ ಕಲಿಸಿದನಾ?" ಅಂದರು.

"ಒಂದು ತಿಂಗಳಲ್ಲಿ ಅಲ್ಲ. ನೀವು ಆಗಲ್ಲ ಅಂದಿರಲ್ಲ, ಆ ವರ್ಷವೇ ಕಲಿತದ್ದು. ಮೊದಲ ಟೆಸ್ಟಿನಲ್ಲಿ ಬಿದ್ದೆ, ನಿಮ್ಮ ಮಾತು ಸುಳ್ಳಲ್ಲ. ಎರಡನೇ ಸಲ ಪಾಸಾದೆ. ಲೈಸೆನ್ಸು ಬಟ್ಟೆಯ ಕೆಳಗಿಟ್ಟು ಸುಮ್ಮನಾದೆ. ನಿಮ್ಮ ಹೆಸರು ಕೆಡಬಾರದಲ್ಲ! ಈಗ ಕೈ ತುಕ್ಕು ಹಿಡಿದಿತ್ತು, ಸಿಳ್ಳೆ ಜೊತೆ ನಾಲ್ಕು ರೌಂಡು ಹೊಡೆದೆ, ಅಷ್ಟೇ."

ಮೇಷ್ಟ್ರು ಕಿಟಕಿ ಹೊರಗೆ ನೋಡಿದರು.

"ನಾನೊಬ್ಬಳೇ ಅಂದ್ಕೊಂಡ್ರಾ? ನೀವು ಆಗಲ್ಲ ಅಂದವರೆಲ್ಲ ಅಳ್ತಾ ಮುಂಗೋಣೆಗೆ ಬರ್ತಿದ್ರು. ಎಲ್ಲರನ್ನೂ ಸಿಳ್ಳೆ ಹತ್ರ ನಾನೇ ಕಳಿಸ್ತಿದ್ದೆ. ಅರ್ಧಕ್ಕರ್ಧ ಜನ ಪಾಸಾದ್ರು. ಕೆಲವರು ಎರಡನೇ ಸಲ, ಕೆಲವರು ಮೂರನೇ ಸಲ. ಈ ರಸ್ತೆಯಲ್ಲೇ ಓಡಾಡ್ತಿದ್ದಾರೆ. ನಿಮ್ಮ ಎದುರು ಬಂದ್ರೆ ಮರ್ಯಾದೆಗೆ ಬೇರೆ ಗಲ್ಲಿಗೆ ತಿರುಗ್ತಾರೆ."

"ಯಾಕೆ ನನಗೆ ಹೇಳಲಿಲ್ಲ?"

"ನೀವು ಕೇಳಿದ್ರೆ ತಾನೇ ಹೇಳೋಕೆ?" ಆಫೀಸಮ್ಮನ ದನಿ ಏರಿತು. "ಆವತ್ತು ಔಷಧಿ ಅಂಗಡಿ ಹತ್ರ ನಾನು ತಿರುಗಿಸೋಕೆ ಮುಂಚೆಯೇ ನೀವು ಬ್ರೇಕ್ ಒತ್ತಿದ್ರಿ. ಎಂಜಿನ್ ನಿಂತೋಯ್ತು. ಆಗಲ್ಲ ಬಿಡು ಅಂದ್ರಿ. ಆಗ್ತಿತ್ತೋ ಇಲ್ವೋ, ನೀವು ನೋಡಲೇ ಇಲ್ಲ. ನೋಡಿ, ನೀವು ಸತ್ರೆ ನಾನು ಅಳ್ತೀನಿ. ಬದುಕಿರೋವರೆಗೂ ಅಳ್ತೀನಿ. ಆದ್ರೆ ನಿಮ್ಮ ತೀರ್ಪು ಸರಿ ಅಂತ ತೋರಿಸೋದಕ್ಕೋಸ್ಕರ ಸತ್ರೆ ಮಾತ್ರ ಕ್ಷಮಿಸಲ್ಲ. ಹೇಳಿರ್ತೀನಿ."

ಅಷ್ಟು ಹೇಳಿ ಮೂಗೊರೆಸಿಕೊಂಡಳು, ಗೇರು ಬದಲಿಸಿದಳು. ಆಸ್ಪತ್ರೆ ಬರುವವರೆಗೆ ಮೇಷ್ಟ್ರ ಕಣ್ಣ ಮುಂದೆ ಹಳೇ ಮುಖಗಳೆಲ್ಲ ಸಾಲುಗಟ್ಟಿ ಬಂದು ನಿಂತಿದ್ದವು. ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ಬೆವೆತು, ಈಗ ತಿರುಗಿಸುತ್ತೇನೆ ಅನ್ನುವಷ್ಟರಲ್ಲಿ ಕಾರು ನಿಂತು ಕಕ್ಕಾಬಿಕ್ಕಿಯಾದ ಮುಖಗಳು.

ಹಾಗಂತ ಮನಸ್ಸು ಬದಲಾಯಿತು ಅಂದುಕೊಳ್ಳಬೇಡಿ. ಅಷ್ಟು ವರ್ಷ ಹಟದಲ್ಲೇ ಬಾಳಿದ ಮನುಷ್ಯ ಅರ್ಧ ಗಂಟೆಯಲ್ಲಿ ಬದಲಾಗೋದುಂಟೆ? ಬೇರೆಯವರ ವಿಷಯ ಬೇರೆ, ಕಾರಿನ ವಿಷಯ ಬೇರೆ, ನನ್ನ ಮೈಯ ವಿಷಯ ನನಗೆ ಗೊತ್ತು ಅಂತ ಮನಸ್ಸಿನೊಳಗೆ ಗೊಣಗಿಕೊಂಡೇ ಆಸ್ಪತ್ರೆ ಬಾಗಿಲಲ್ಲಿ ಇಳಿದರು. "ನಾನು ಗಾಡಿ ನಿಲ್ಲಿಸಿ ಬರ್ತೀನಿ, ನೀವು ಹೋಗಿ ಹೇಳೋದು ಹೇಳಿ" ಅಂತ ಆಫೀಸಮ್ಮ ಮುಂದಕ್ಕೆ ಹೋದಳು.

ವಾರ್ಡಿನ ಪಡಸಾಲೆಯಲ್ಲಿ ಎದುರಾದದ್ದು ಗುಂಡಿ ಅಜ್ಜಿ. ಕಂಬ ತಳ್ಳಿಕೊಂಡು, ಮೊದಲಿನ ಹಾಗೇ ಗೋಡೆಗೆ ತಾಗಿಸಿಕೊಂಡು ಬರುತ್ತಿದ್ದಳು.

"ಇನ್ನೂ ಇದ್ದೀಯಾ ಅಜ್ಜಿ?" ಮೇಷ್ಟ್ರ ಬಾಯಿಂದ ಹಾಗೇ ಬಂದುಬಿಟ್ಟಿತು.

"ನಿನ್ನನ್ನ ಕೇಳಿ ಹೋಗೋಣ ಅಂತ ಕಾಯ್ತಿದ್ದೆ," ಅಂದಳು ಅಜ್ಜಿ. "ಒಳ್ಳೆ ಕಣಗಳು ಏರಿವೆಯಂತೆ, ನಾಳೆ ಮನೆಗೆ ಹೋಗು ಅಂದಿದ್ದಾರೆ. ಎಷ್ಟು ದಿನಕ್ಕೋ ಏನೋ, ಹೋಗಿ ಒಂದು ಒಳ್ಳೆ ಸ್ನಾನ ಮಾಡ್ತೀನಿ."

"ಮತ್ತೆ ನಮ್ಮ ಕೋಚ್ ಹೇಗಿದ್ದಾನೆ?"

ಅಜ್ಜಿ ಕಂಬದ ಮೇಲಿನ ಕೈಯನ್ನು ಸ್ವಲ್ಪ ಎತ್ತಿ ಪಕ್ಕದ ಕೋಣೆಯ ಕಡೆ ತೋರಿಸಿ, ತಲೆ ತಗ್ಗಿಸಿ ದಾಟಿ ಹೋದಳು. ಆ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿತ್ತು. ಬಾಗಿಲಲ್ಲಿ ಕೋಚ್‌ನ ಹೆಂಡತಿ ನಿಂತಿದ್ದಳು. ಮಿಕ್ಕಿದ್ದ ಮಾಸ್ಕುಗಳ ಪೊಟ್ಟಣ, ಫ್ಲಾಸ್ಕು, ಬಿಡಿಸದ ಟವೆಲ್ಲು, ಎಲ್ಲ ನರ್ಸಿನ ಕೈಗೆ ಕೊಡುತ್ತಾ, "ಯಾರಿಗಾದ್ರೂ ಬೇಕಾದೀತು" ಅನ್ನುತ್ತಿದ್ದಳು.

ಮೇಷ್ಟ್ರಿಗೆ ಓಡಿಹೋಗೋಣ ಅನ್ನಿಸಿತು. ಓಡುವ ಕಾಲಲ್ಲ ಅದು. ಅಷ್ಟರಲ್ಲಿ ಆಕೆ ನೋಡಿಬಿಟ್ಟಳು.

"ಮೇಷ್ಟ್ರೇ."

"ಅಮ್ಮಾ…" ಅಂದರು ಮೇಷ್ಟ್ರು. "ನಾನು ಪಾಸು ಅಂದಿದ್ದೆ."

"ಹೌದು, ಅಂದಿದ್ರಿ." ಆಕೆ ಹತ್ತಿರ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಶಕ್ತಿಯೂ ಇರಲಿಲ್ಲ. "ಆ ಒಂದು ಮಾತಿಗೆ ಅವರು ಕೊನೇವರೆಗೂ ಚೆನ್ನಾಗಿ ನಿದ್ದೆ ಮಾಡಿದ್ರು. ಮಗಳಿಗೆ ಈಜುವ ಬಟ್ಟೆ ತರಿಸಿಟ್ಟಿದ್ರು. ಅದಕ್ಕೆ ನಿಮಗೆ ಪುಣ್ಯ ಬರಲಿ. ಎರಡನೇ ಸುತ್ತಿನಲ್ಲಿ ಜ್ವರ ಬಂತು. ಡಾಕ್ಟರು ಹುಷಾರಾಗಿರಿ, ಹೇಳೋಕಾಗಲ್ಲ ಅಂದ್ರು. ನಾನು ನಿಮ್ಮ ಮಾತು ನಂಬಿದ್ದೆ. ಪಾಸಲ್ವಾ ಅಂತ ಮನೆಗೆ ಹೋಗಿ ಮಗಳ ಪಕ್ಕ ಮಲಗಿದೆ. ಅವರು ಹೋಗುವಾಗ ಪಕ್ಕದಲ್ಲಿ ನಾನಿರಲಿಲ್ಲ."

ಮೇಷ್ಟ್ರು ಗೋಡೆಗೆ ಕೈ ಊರಿದರು.

"ಬೈಯೋಕೆ ನಿಲ್ಲಿಸಲಿಲ್ಲ ನಿಮ್ಮನ್ನ," ಅಂದಳು ಆಕೆ. "ಒಂದು ಕೇಳಬೇಕು ಅಂತ ಆಗಿನಿಂದ ಇತ್ತು. ನಿಮಗೆ ನೀವು ಏನು ಹೇಳ್ಕೊಂಡಿದ್ರಿ?"

"ಫೇಲು," ಅಂದರು ಮೇಷ್ಟ್ರು. "ಮೊದಲ ದಿನವೇ."

ಆಕೆ ಅವರನ್ನೇ ನೋಡಿದಳು. ಬೋಳು ತಲೆ, ಜೋತುಬಿದ್ದ ಶರ್ಟು, ನಡುಗುವ ಕಾಲು, ಎಲ್ಲವನ್ನೂ ನೋಡಿದಳು. ಆಮೇಲೆ ಆಕೆಗೆ ನಗು ಬಂತು. ಎಷ್ಟೋ ದಿನದಿಂದ ನಗದೆ ಇದ್ದವರ ನಗು. ಬಂದದ್ದೂ ಗೊತ್ತಾಗದೆ, ಕಣ್ಣಲ್ಲಿ ನೀರೂ ಜೊತೆಗೇ ಬಂತು.

"ಹಾಗಾದ್ರೆ ಒಳಗೆ ಹೋಗಿ ಮೇಷ್ಟ್ರೇ," ಅಂದಳು. "ನೀವು ಉಳ್ಕೋತೀರಿ."

ಅಂದು ಕೈಚೀಲ ಹೆಗಲಿಗೇರಿಸಿ, ಪಡಸಾಲೆಯ ತಿರುವು ದಾಟಿ ಹೋದಳು.

ಡಾಕ್ಟರಮ್ಮ ಬಾಗಿಲು ತೆಗೆದು ಹೊರಗೆ ಬಂದಾಗ ಮೇಷ್ಟ್ರು ಇನ್ನೂ ಗೋಡೆ ಹಿಡಿದೇ ನಿಂತಿದ್ದರು. ಆಫೀಸಮ್ಮ ಅಷ್ಟು ದೂರದಲ್ಲಿ ಚೀಲ ಹೊತ್ತು ಅವಸರವಾಗಿ ಬರುತ್ತಿದ್ದಳು, ಗಂಡ ಏನು ಹೇಳಿಬಿಡುತ್ತಾರೋ ಅನ್ನುವ ಭಯ ಅವಳ ಮುಖದ ತುಂಬ ಇತ್ತು.

"ಬಂದ್ರಾ?" ಅಂದರು ಡಾಕ್ಟರಮ್ಮ. "ನೀವು ಒಪ್ಪಿದ್ರೆ ಇವತ್ತೇ ಎರಡನೇ ಸುತ್ತು ಶುರು. ಏನು ತೀರ್ಮಾನ ಮಾಡಿದ್ರಿ ಮೇಷ್ಟ್ರೇ? ನಿಮಗೆ ಏನನ್ನಿಸುತ್ತೆ?"

ಮೇಷ್ಟ್ರು ಜೀವಮಾನದಲ್ಲಿ ಯಾರೆದುರೂ ಹೇಳದಿದ್ದ ಮಾತೊಂದನ್ನು, ಹೊಸದಾಗಿ ಕಲಿತವರ ಹಾಗೆ ನಿಧಾನವಾಗಿ ಹೇಳಿದರು.

"ನನಗೆ ಗೊತ್ತಿಲ್ಲ ಡಾಕ್ಟರೇ. ಯಾವ ರೂಮು ಹೇಳಿ."